ಹುದ್ದೆ ಹೋಯಿತು, ಹೆಸರು ಉಳಿಯಿತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



"ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಪ್ಪ" ಎಂದು ಹೆಡ್‌ಮಾಸ್ಟರು ಹೇಳಿದ್ದರು. ಕಂಪ್ಯೂಟರಿನಿಂದಲೇ ಶುರು ಮಾಡುತ್ತೇನೆ. ಆದರೆ ಬೇಗ ಊರಿಗೆ ಬಂದುಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ಕೆಲಸದಲ್ಲಿ ದಿನಾ ಎದುರಾಗುವುದು ಅರ್ಜಿಗಳು. ನೀವು ಮೊಬೈಲಿನಲ್ಲಿ ತುಂಬುವ ಅರ್ಜಿಯ ಹಿಂದೆ ಎಲ್ಲೋ ಒಬ್ಬ ನನ್ನಂಥವನು ಕೂತು, ಯಾವ ಕಾಲಂ ಖಾಲಿ ಬಿಡಬಹುದು, ಯಾವುದು ಬಿಡುವ ಹಾಗಿಲ್ಲ ಎಂದು ಬರೆದಿರುತ್ತಾನೆ. ಅದರಲ್ಲಿ ಒಂದು ಕಾಲಂ 'ಸರ್‌ನೇಮ್', ಅಂದರೆ ಅಡ್ಡಹೆಸರು. ಪಕ್ಕದಲ್ಲಿ ಕೆಂಪು ನಕ್ಷತ್ರ. ತುಂಬದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ನಮ್ಮ ಕಡೆಯವರಿಗೆ ಅಡ್ಡಹೆಸರು ಎಲ್ಲಿಂದ ಬರಬೇಕು? ನಮಗಿರುವುದು ಇನಿಷಿಯಲ್. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಹೆಸರು. ಈ ಕೆಂಪು ನಕ್ಷತ್ರ ಸಣ್ಣ ವಿಷಯವಲ್ಲ. 2022ರ ನವೆಂಬರಿನಲ್ಲಿ ಯುಎಇ ದೇಶ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ಪ್ರವಾಸದ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದು ಹೇಳಿತು.

ನಾನು ಪಾಸ್‌ಪೋರ್ಟ್ ಮಾಡಿಸುವಾಗ ಆ ಕಾಲಮಿನಲ್ಲಿ ಅಪ್ಪನ ಹೆಸರು ಬರೆದೆ. ಕಂಪನಿಯ ಕೆಲಸಕ್ಕೆ ಹೊರದೇಶಕ್ಕೆ ಹೋದಾಗ ಎಲ್ಲರೂ ಗೌರವದಿಂದ ನನ್ನನ್ನು ಅಪ್ಪನ ಹೆಸರು ಹಿಡಿದೇ ಕರೆದರು. ನಮ್ಮೂರಲ್ಲಿ ಅಪ್ಪನ ಹೆಸರು ಹಿಡಿದು ಕೂಗುವುದು ಜಗಳಕ್ಕೆ ನಿಂತಾಗ ಮಾತ್ರ. ಅಭ್ಯಾಸವಾಗಲು ಒಂದು ವಾರ ಬೇಕಾಯಿತು.

ಅಲ್ಲಿ ಸ್ಟುವರ್ಟ್, ಮಾರ್ಷಲ್, ಬಟ್ಲರ್ ಮೊದಲಾದ ಅಡ್ಡಹೆಸರಿನವರು ಧಾರಾಳವಾಗಿ ಸಿಗುತ್ತಾರೆ. ಈ ಹೆಸರುಗಳ ಹಿಂದೆ ಏನಿದೆ ಎಂದು ಹುಡುಕಿ ಓದಿದೆ. ಎಲ್ಲವೂ ಒಂದು ಕಾಲದ ಕೆಲಸಗಳು!

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದವರು ಇಂಗ್ಲೆಂಡನ್ನು ಗೆದ್ದರು. ಅವರ ಅರಮನೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೊಣೆ. ಮಾರ್ಷಲ್ ಎಂದರೆ ಮೂಲದಲ್ಲಿ ಕುದುರೆ ನೋಡಿಕೊಳ್ಳುವ ಆಳು. ಬಟ್ಲರ್ ಎಂದರೆ ಶೀಸೆಗಳ ಉಸ್ತುವಾರಿ, ರಾಜನಿಗೆ ದ್ರಾಕ್ಷಾರಸ ಒದಗಿಸುವವನು. ಸ್ಟುವರ್ಡ್ ಎಂದರೆ ಮನೆವಾರ್ತೆ ನೋಡಿಕೊಳ್ಳುವವನು. ಇದು ಇಂಗ್ಲಿಷರದೇ ಹಳೆಯ ಪದ. ಕೆಲಸ ಅಪ್ಪನಿಂದ ಮಗನಿಗೆ ಬಂದ ಹಾಗೆ ಕೆಲಸದ ಹೆಸರೂ ಬಂತು. ಸ್ಕಾಟ್ಲೆಂಡಿನಲ್ಲಿ ಹನ್ನೆರಡನೇ ಶತಮಾನದಲ್ಲಿ ವಾಲ್ಟರ್ ಫಿಟ್ಜ್ ಅಲನ್ ಎಂಬವನು ರಾಜನ ಸ್ಟುವರ್ಡ್ ಆದ. 'ಫಿಟ್ಜ್' ಅಂದರೆ ಮಗ. ಅಲನ್‌ನ ಮಗ ವಾಲ್ಟರ್, ನಮ್ಮ ಇನಿಷಿಯಲ್ ಇದ್ದ ಹಾಗೆ. ಅವನ ವಂಶದವರಿಗೆ ಅಪ್ಪನ ಹೆಸರು ಬಿಟ್ಟುಹೋಗಿ ಹುದ್ದೆಯ ಹೆಸರೇ ನಿಂತಿತು. 1371ರಲ್ಲಿ ಅದೇ ವಂಶದ ಎರಡನೇ ರಾಬರ್ಟ್ ಸ್ಕಾಟ್ಲೆಂಡಿನ ರಾಜನಾದ. 1603ರಲ್ಲಿ ಆ ಮನೆತನ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿತು. ಮಾರ್ಷಲ್ ಮನೆತನದ ವಿಲಿಯಂ, 1219ರಲ್ಲಿ ಸಾಯುವ ಹೊತ್ತಿಗೆ, ಬಾಲಕನಾಗಿದ್ದ ಮೂರನೇ ಹೆನ್ರಿಯ ಪರವಾಗಿ ದೇಶವನ್ನೇ ನಡೆಸುತ್ತಿದ್ದ. ಕುದುರೆ ಲಾಯದ ಹೆಸರು ಎಲ್ಲಿಗೆ ಹೋಯಿತು ನೋಡಿ.

ಇದನ್ನು ಓದುತ್ತಾ ನನಗೆ ನಮ್ಮ ಚನ್ನಗಿರಿ ತಾಲ್ಲೂಕೇ ಕಣ್ಣಮುಂದೆ ಬಂತು. ನಮ್ಮಲ್ಲಿ ಇಂಥ ಹೆಸರು ಎಷ್ಟಿಲ್ಲ!

'ಗೌಡ' ಎನ್ನುತ್ತೇವೆ. ಶಾಸನಗಳಲ್ಲಿ ಅದು 'ಗಾವುಂಡ', ಊರ ಮುಖ್ಯಸ್ಥ. 'ಹೆಗಡೆ' ಎನ್ನುತ್ತೇವೆ. ಹಳಗನ್ನಡದಲ್ಲಿ ಅದು 'ಪೆರ್ಗಡೆ', ಹಿರಿಯ ಅಧಿಕಾರಿ. ಪಾಲು ಹಾಲಾದಂತೆ, ಪೂ ಹೂವಾದಂತೆ ಪೆರ್ಗಡೆ ಹೆಗ್ಗಡೆಯಾಗಿ, ಹೆಗಡೆಯಾಯಿತು. ಧರ್ಮಸ್ಥಳದಲ್ಲಿ 'ಹೆಗ್ಗಡೆ' ಎಂಬುದು ಇವತ್ತಿಗೂ ಪೀಠದ ಜೊತೆಗೇ ಬರುವ ಹೆಸರು. ಶಾನುಭೋಗ ಎಂಬುದು ಹಳೆಯ 'ಸೇನಬೋವ', ಊರ ಲೆಕ್ಕ ಬರೆಯುವವನು. ಉತ್ತರ ಕನ್ನಡದ ಕಡೆ ಅದೇ ಶಾನಭಾಗ ಎಂಬ ಅಡ್ಡಹೆಸರಾಗಿದೆ. ಸಂತೇಬೆನ್ನೂರಿನ ಪುಷ್ಕರಣಿ ಕಟ್ಟಿಸಿದ ಹನುಮಪ್ಪ ನಾಯಕರ ಹೆಸರಿನಲ್ಲಿರುವ 'ನಾಯಕ'ವೂ ಮೊದಲು ದಂಡಿನ ಮುಂದಾಳಿನ ಪದವಿ. ಬಿಜಾಪುರದ ಸರದಾರ ಶಹಾಜಿ 1664ರಲ್ಲಿ ತೀರಿಕೊಂಡದ್ದು ನಮ್ಮ ತಾಲ್ಲೂಕಿನ ಹೊದಿಗೆರೆಯಲ್ಲಿ. ಸಮಾಧಿ ನೀವೆಲ್ಲ ನೋಡಿದ್ದೀರಿ. ಆ ಬಿಜಾಪುರ ಮತ್ತು ಮರಾಠರ ಆಡಳಿತ ಬಲವಾಗಿದ್ದ ಕಡೆ ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ ಎಂಬ ಹುದ್ದೆಗಳಿದ್ದವು. ಪಾಟೀಲ ಊರ ಮುಖ್ಯಸ್ಥ, ಕುಲಕರ್ಣಿ ಊರ ಲೆಕ್ಕಿಗ. ದೇಸಾಯಿ ಹಲವು ಊರುಗಳ ಮೇಲಿನವನು, ದೇಶಪಾಂಡೆ ಆ ಊರುಗಳ ಲೆಕ್ಕದವನು. ಧಾರವಾಡ, ಬೆಳಗಾವಿ ಕಡೆ ಅವೆಲ್ಲ ಅಡ್ಡಹೆಸರಾಗಿ ಉಳಿದವು. ಒಂದು ಎಚ್ಚರಿಕೆ ಹೇಳಬೇಕು. ಗೌಡ ಎಂಬ ಹೆಸರಿರುವ ಎಲ್ಲರ ಅಜ್ಜಂದಿರೂ ಊರಾಳಿದವರಲ್ಲ, ಮಾರ್ಷಲ್ ಎನ್ನುವವರೆಲ್ಲ ಅರಮನೆಯವರೂ ಅಲ್ಲ. ಹೆಸರು ಒಮ್ಮೆ ದಾರಿ ಹಿಡಿದರೆ ಜನಾಂಗಕ್ಕೂ ಅಂಟುತ್ತದೆ, ಪಕ್ಕದವರಿಗೂ ಅಂಟುತ್ತದೆ.

ನಮ್ಮವರೇ ಆದ ಜೆ.ಎಚ್. ಪಟೇಲರನ್ನು ನೆನೆಯದೆ ಈ ಮಾತು ಪೂರ್ತಿಯಾಗುವುದಿಲ್ಲ. ಕಾರಿಗನೂರಿನ ಜಯದೇವಪ್ಪ ಹಾಲಪ್ಪ ಪಟೇಲರು. ಮೊದಲ ಅಕ್ಷರ ಅವರದು, ಎರಡನೆಯದು ತಂದೆಯದು, ಕೊನೆಗೆ ನಿಂತದ್ದು ಹುದ್ದೆ. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದವರು. 1996ರಲ್ಲಿ ಮುಖ್ಯಮಂತ್ರಿಯಾದರು. ಅವರ ಕಾಲದಲ್ಲೇ, 1997ರಲ್ಲಿ, ಶಿವಮೊಗ್ಗ ಜಿಲ್ಲೆಯಲ್ಲಿದ್ದ ನಾವು ಹೊಸ ದಾವಣಗೆರೆ ಜಿಲ್ಲೆಗೆ ಬಂದೆವು. ಆದರೆ ಅವರು ಮುಖ್ಯಮಂತ್ರಿಯಾಗುವ ಮೂವತ್ತಮೂರು ವರ್ಷ ಮೊದಲೇ ಪಟೇಲಿಕೆ ಎಂಬ ಹುದ್ದೆ ರಾಜ್ಯದಲ್ಲಿ ಇಲ್ಲವಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ವಂಶಪಾರಂಪರ್ಯದ ಪಟೇಲರು, ಶಾನುಭೋಗರು ಹೋದರು. ಸರ್ಕಾರದ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹುದ್ದೆ ಹೋಯಿತು, ಹೆಸರು ಉಳಿಯಿತು.

ಇಲ್ಲಿಯವರೆಗೆ ಹೇಳಿದ್ದು ಸಂತೋಷದ ಕಥೆ. ಇನ್ನು ಹೇಳುವುದನ್ನು ಹೇಳಲೋ ಬೇಡವೋ ಎಂದು ನಿನ್ನೆ ರಾತ್ರಿಯವರೆಗೂ ಯೋಚಿಸಿದೆ.

ಆ ಕಾಯ್ದೆ ರದ್ದು ಮಾಡಿದ್ದು ಪಟೇಲ, ಶಾನುಭೋಗರನ್ನು ಮಾತ್ರ ಅಲ್ಲ. ಹಳೆಯ ಊರಿನಲ್ಲಿ ಹನ್ನೆರಡು ಜನ ಆಯಗಾರರು ಎನ್ನುತ್ತಿದ್ದರು. ಗೌಡ, ಶಾನುಭೋಗರ ಜೊತೆಗೆ ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ, ಅಗಸ ಹೀಗೆ. ಕಣದಲ್ಲಿ ರಾಶಿಯಾದಾಗ ಪ್ರತಿಯೊಬ್ಬರಿಗೂ ಒಂದು ಪಾಲು, ಅದೇ ಆಯ. ಕೆಲವರಿಗೆ ಇನಾಂ ಜಮೀನೂ ಇತ್ತು. ತಳವಾರ ಊರ ಕಾವಲಿನವನು. ತೋಟಿ ಸುದ್ದಿ ಮುಟ್ಟಿಸುವವನು, ಎಲ್ಲೆ ಬಲ್ಲವನು. ನೀರಗಂಟಿ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗದ್ದೆಗೆ ಸರದಿ ಪ್ರಕಾರ ನೀರು ಹಾಯಿಸುವವನು. ಭದ್ರಾ ನಾಲೆ ಬರುವ ಮೊದಲು ಈ ಸೀಮೆಯ ಗದ್ದೆಗಳಿಗೆ ಕೆರೆಯೇ ಗತಿ. ಕತ್ತಲಗೆರೆ, ಹೊದಿಗೆರೆ, ದಾವಣಗೆರೆ, ಊರ ಹೆಸರುಗಳಲ್ಲೇ ಕೆರೆ ಇದೆ. ಕೆರೆ ಇದ್ದಲ್ಲಿ ನೀರಗಂಟಿ ಇರಲೇಬೇಕು. ಬೇಸಿಗೆಯಲ್ಲಿ ತೂಬಿನ ಮುಂದೆ ನಿಂತು "ಇವತ್ತು ನಿಮ್ಮ ಸರದಿ ಅಲ್ಲ" ಎಂದು ಗೌಡರಿಗೂ ಹೇಳಬೇಕಾದವನು ಅವನು.

ನನ್ನ ಅಜ್ಜ ನೀರಗಂಟಿ. ಇಲ್ಲಿಗೆ ನಡೆದು ಬರುವಷ್ಟು ದೂರದ ಒಂದು ಸಣ್ಣ ಹಳ್ಳಿ ಅವರದು.

ಗೌಡನ ಹೆಸರು, ಶಾನುಭೋಗನ ಹೆಸರು ಹೆಮ್ಮೆಯ ಅಡ್ಡಹೆಸರಾಯಿತು. ತಳವಾರ ಎಂಬುದೂ ಉತ್ತರದ ಜಿಲ್ಲೆಗಳಲ್ಲಿ ಅಡ್ಡಹೆಸರಾಗಿ ಉಳಿದಿದೆ. ಕುದುರೆ ನೋಡುವವನ ಹೆಸರು ಇಂಗ್ಲೆಂಡಿನಲ್ಲಿ ಪ್ರಭುಗಳ ಹೆಸರಾಯಿತು. ಆದರೆ ನಮ್ಮ ಮನೆಯಲ್ಲಿ ನೀರಗಂಟಿ ಎಂಬ ಹೆಸರನ್ನು ಯಾರೂ ಮುಂದಕ್ಕೆ ತರಲಿಲ್ಲ. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ತೋಟಿ, ನೀರಗಂಟಿ ಕೆಲಸಗಳು ಎಷ್ಟೋ ಊರುಗಳಲ್ಲಿ ಊರಾಚೆಯ ಕೇರಿಯವರ ಪಾಲಿಗೆ ಬಂದಿದ್ದವು. ಮಾರ್ಷಲ್‌ನ ಮಗ ಲಾಯದಿಂದ ಮೇಲೇರಬಹುದಿತ್ತು. ನೀರಗಂಟಿಯ ಮಗ ನೀರಗಂಟಿಯೇ. ಊರಿಗೆಲ್ಲ ನೀರು ಹಂಚಿದ ಅಜ್ಜ ಕುಡಿಯುವ ನೀರಿಗೆ ಬಾವಿಕಟ್ಟೆಯ ಕೆಳಗೆ ನಿಂತು, ಯಾರಾದರೂ ಮೇಲಿಂದ ಹಾಕಲಿ ಎಂದು ಕಾಯುತ್ತಿದ್ದರು.

ಈ ಹೈಸ್ಕೂಲು ಶುರುವಾದ ಮೊದಲ ವರ್ಷಗಳಲ್ಲೇ ಅಜ್ಜ ಅಪ್ಪನನ್ನು ಇಲ್ಲಿಗೆ ಸೇರಿಸಿದರು. ದಾಖಲಾತಿ ಬರೆಯುತ್ತಿದ್ದ ಮೇಷ್ಟ್ರು ತಂದೆಯ ಹೆಸರು ಕೇಳಿದಾಗ ಅಜ್ಜ, "ಸ್ವಾಮಿ, ಬರೀ ಹೆಸರು ಬರ್ಕಳಿ. ಮುಂದೆ ನೀರಗಂಟಿ ಅಂತ ಹಾಕ್ಬೇಡಿ" ಎಂದರಂತೆ. ಮೇಷ್ಟ್ರು ತಲೆಯೆತ್ತಿ ಅವರನ್ನು ನೋಡಿ, "ಆಯ್ತು, ಕೂತ್ಕಳಿ" ಎಂದು ಕುರ್ಚಿ ತೋರಿಸಿದರಂತೆ. ಹೆಸರಿಗಿಂತ ಆ ಕುರ್ಚಿಯನ್ನೇ ಅಜ್ಜ ಸಾಯುವವರೆಗೂ ಹೇಳುತ್ತಿದ್ದರು.

ಎರಡು ವರ್ಷದ ಹಿಂದೆ ನನಗೆ ಮಗಳು ಹುಟ್ಟಿದಳು. ಜನನ ಪ್ರಮಾಣಪತ್ರಕ್ಕೆ ಹೆಸರು ಕೊಡಬೇಕು. ಸ್ಟುವರ್ಟ್, ಮಾರ್ಷಲ್ ಎಲ್ಲ ಓದಿಕೊಂಡಿದ್ದ ನನಗೆ ಹುಮ್ಮಸ್ಸು. ಅಪ್ಪನಿಗೆ ಫೋನ್ ಮಾಡಿ, "ಅಡ್ಡಹೆಸರು ನೀರಗಂಟಿ ಅಂತಲೇ ಹಾಕೋಣ. ನಾಚಿಕೆ ಯಾಕೆ? ಕೆಲಸದ ಹೆಸರು ತಾನೆ?" ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನೀನು ಅದನ್ನ ಓದಿ ತಿಳ್ಕಂಡಿದೀಯ ಮಗಾ, ನಾನು ಕೇಳಿಸ್ಕಂಡಿದೀನಿ. ಬಾಗ್ಲು ಹೊರಗೆ ನಿಂತು 'ಲೇ ನೀರಗಂಟಿ' ಅಂತ ನಮ್ಮಪ್ಪನ್ನ ಕೂಗೋರು. ಹುಡುಗ್ರೂ ಕೂಗೋರು. ಆ ಕೂಗು ನನ್ನ ಕಿವಿಯಿಂದ ಹೋಗೋವರೆಗೂ ಮಗೀಗೆ ಅದು ಬೇಡ."

ನಾನು ವಾದ ಮಾಡಲಿಲ್ಲ. ಮಗಳ ಹೆಸರಿನ ಮುಂದೆ ನನ್ನ ಹೆಸರೇ ನಿಂತಿದೆ, ಎಲ್ಲರ ಹಾಗೆ. ಹೆಸರು ಉಳಿಸಿಕೊಳ್ಳುವುದು ಹೆಮ್ಮೆಯಾದರೆ, ಹೆಸರು ಬಿಟ್ಟುಬಿಡುವುದಕ್ಕೂ ಒಂದು ಧೈರ್ಯ ಬೇಕು ಎಂದು ಅವತ್ತು ಗೊತ್ತಾಯಿತು. ಅಜ್ಜ ಈ ಶಾಲೆಯ ರಿಜಿಸ್ಟರಿನ ಮುಂದೆ ನಿಂತು ಮಾಡಿದ್ದು ಅದನ್ನೇ.

ಆದರೆ ಹೆಸರು ಬಿಟ್ಟರೂ ಕೆಲಸವನ್ನು ಮರೆಯಬಾರದು. ಕೊನೆಯ ಗದ್ದೆಗೂ ನೀರು ಮುಟ್ಟಬೇಕಾದರೆ ಮೊದಲ ಗದ್ದೆಯವನನ್ನು ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ಕೆರೆಯಲ್ಲಿ ಎಷ್ಟು ನೀರಿದ್ದರೆ ಎಷ್ಟು ದಿನದ ಸರದಿ, ಇದೆಲ್ಲ ಅಜ್ಜನಿಗೆ ಬಾಯಿಪಾಠ. ಒಂದು ಅಕ್ಷರ ಬರೆಯದೆ ಅಷ್ಟು ಲೆಕ್ಕ ಇಟ್ಟವರು. ನಾನು ಇವತ್ತು ಕಂಪ್ಯೂಟರಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಅದೇ, ಇರುವಷ್ಟನ್ನು ಎಲ್ಲರಿಗೂ ಸರದಿಯಲ್ಲಿ ಮುಟ್ಟಿಸುವುದು. ನನಗೆ ಅದಕ್ಕೆ ಬಿ.ಇ. ಬೇಕಾಯಿತು.

ಮಕ್ಕಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಮನೆಗೆ ಹೋಗಿ ಅಜ್ಜ, ಅಜ್ಜಿಯ ಹತ್ತಿರ ಕೇಳಿ: ನಮ್ಮ ಮನೆಯವರನ್ನು ಊರಲ್ಲಿ ಏನೆಂದು ಕರೆಯುತ್ತಿದ್ದರು, ಏನು ಕೆಲಸ ಮಾಡುತ್ತಿದ್ದರು, ಆಯ ಎಷ್ಟು ಬರುತ್ತಿತ್ತು? ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಅವರು ಹೇಳಲು ಇಷ್ಟಪಡದಿದ್ದರೆ ಒತ್ತಾಯ ಮಾಡಬೇಡಿ, ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ.

ಅಪ್ಪ ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಇದನ್ನೆಲ್ಲ ಹೇಳಲೇ ಎಂದು ಬೆಳಿಗ್ಗೆ ಕೇಳಿದೆ. "ಶಾಲೆಯೊಳಗೆ ಹೇಳು, ಅಡ್ಡಿಯಿಲ್ಲ" ಎಂದರು. ಅಜ್ಜನಿಗೆ ಕುರ್ಚಿ ಕೊಟ್ಟ ಈ ಶಾಲೆಗೆ, ಅಪ್ಪನಿಗೂ ನನಗೂ ಅಕ್ಷರ ಕೊಟ್ಟ ಎಲ್ಲ ಗುರುಗಳಿಗೆ, ನನ್ನ ನಮಸ್ಕಾರ.