ಬರೆದವನ ತಪ್ಪು, ಬರೆಸಿದವನ ಹೊಣೆ



ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ದಾರಿಯುದ್ದಕ್ಕೂ ಓದಲು ಬೋರ್ಡುಗಳಿವೆ. ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಷೋರೂಮು, ಖಾನಾವಳಿ, ದವಾಖಾನೆ, ನಡುನಡುವೆ ಹುಟ್ಟುಹಬ್ಬದ ಫ್ಲೆಕ್ಸು. ಓದುತ್ತ ಹೋದಂತೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ತಪ್ಪುಗಳೂ ಸಿಗುತ್ತವೆ. ಶುಭಾಶಯದ ಶ ಇರಬೇಕಾದಲ್ಲಿ ಹೊಟ್ಟೆ ಸೀಳಿದ ಷ ಕೂತಿರುತ್ತದೆ. ಖಾನಾವಳಿಯ ಖ ಹೋಗಿ ಬರೀ ಕ ಉಳಿದಿರುತ್ತದೆ. ಊರಿನ ಹೆಸರೂ ಒಂದೇ ಥರ ಇರುವುದಿಲ್ಲ. ಸಿಂಧನೂರಿನ ಧಕ್ಕೆ ಒಂದು ಅಂಗಡಿಯಲ್ಲಿ ಅಡಿಗೆರೆ ಇದ್ದರೆ ಪಕ್ಕದ ಅಂಗಡಿಯಲ್ಲಿಲ್ಲ. ಲಿಂಗಸುಗೂರಿನ ಸು ಕೆಲವೆಡೆ ಗಿಡ್ಡ, ಕೆಲವೆಡೆ ಉದ್ದ.

ಬರೆದವರಿಗೆ ಕನ್ನಡ ಬರುವುದಿಲ್ಲ ಎಂದುಬಿಡುವುದು ಸರಿಯಲ್ಲ. ಹಿಂದೆ ಪೇಂಟರ್ ಏಣಿ ಹತ್ತಿ ಒಂದೊಂದೇ ಅಕ್ಷರ ಬರೆಯುತ್ತಿದ್ದರೆ ಕೆಳಗೆ ನಿಂತು ನೋಡುವ ನಾಲ್ಕು ಜನರಿರುತ್ತಿದ್ದರು, ತಪ್ಪಿದ್ದರೆ ಬಣ್ಣ ಹಸಿಯಿರುವಾಗಲೇ ಹೇಳುತ್ತಿದ್ದರು. ಈಗ ಇಂಗ್ಲಿಷ್ ಕೀಲಿ ಒತ್ತಿ ಕನ್ನಡ ಮೂಡಿಸುತ್ತೇವೆ, ನ ಮತ್ತು ಣ ಅದಲು ಬದಲಾಗಲು ಒಂದು ಬೆರಳು ಸಾಕು. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ್ದನ್ನು ಬೇರೆ ಫಾಂಟಿಗೆ ಒಯ್ದರೆ ಅಕ್ಷರವೆಲ್ಲ ಕಲಸಿಹೋಗುತ್ತದೆ. ಯೂನಿಕೋಡ್ ಅಕ್ಷರವನ್ನು ಹಳೆಯ ಡಿಸೈನ್ ತಂತ್ರಾಂಶಕ್ಕೆ ಹಾಕಿದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ, ಬೋರ್ಡಿನ ನೆತ್ತಿಯ ಮೇಲಿನ ಶ್ರೀಕಾರವೇ ಒಡೆದುಹೋಗುತ್ತದೆ. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಒಳ್ಳೆಯದೇ ಆಯಿತು. ಜಾಗವನ್ನು ಅಳೆದು ನೋಡಬಹುದು, ಕಾಗುಣಿತವನ್ನು ಮಾತ್ರ ಓದಿಯೇ ನೋಡಬೇಕು.

ಈ ನೆಲದಲ್ಲಿ ಕನ್ನಡದ ಬೋರ್ಡು ತಾನಾಗಿ ಬಂದದ್ದಲ್ಲ. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಕಚೇರಿಯ ಭಾಷೆ ಉರ್ದು, ಶಾಲೆಯಲ್ಲೂ ಅದರದೇ ಮೇಲುಗೈ. ಮನೆಯಲ್ಲಿ ಕನ್ನಡ ಕಲಿತು ಉಳಿಸಿಕೊಂಡ ಹಿರಿಯರ ಊರಿನಲ್ಲಿ ಅಕ್ಷರ ಹೀಗೆ ಮುರಿದು ನಿಂತರೆ ನನಗೆ ನೋವಾಗುತ್ತದೆ.

ನೋವಿನ ಮಾತು ಒತ್ತಟ್ಟಿಗಿರಲಿ, ನಷ್ಟವೂ ಇದೆ. ಎಕರೆಗೆ ಒಂದೂವರೆ ಲೀಟರ್ ಎಂದು ಅಂಕಿಯಲ್ಲಿ ಬರೆಯುವಾಗ ನಡುವಿನ ಚುಕ್ಕೆ ಅಳಿಸಿದರೆ ಅದು ಹದಿನೈದಾಗುತ್ತದೆ. ಭತ್ತಕ್ಕೆ ಔಷಧ ಹೊಡೆಯುವ ರೈತನಿಗೆ ಇದು ವ್ಯಾಕರಣದ ವಿಷಯವಲ್ಲ. ದವಾಖಾನೆಯ ಬೋರ್ಡಿನಲ್ಲಿ ಉಚಿತ ತಪಾಸಣೆ, ಔಷಧ ಎಂದು ಬರೆದರೆ ಉಚಿತವಾದದ್ದು ಎರಡೂ ಹೌದೋ, ಮೊದಲನೆಯದಷ್ಟೇ ಹೌದೋ? ಹಳ್ಳಿಯಿಂದ ಬಸ್ಸು ಹತ್ತಿ ಬಂದ ಮುದುಕಿಗೆ ಕೌಂಟರಿನ ಮುಂದೆ ನಿಂತ ಮೇಲಷ್ಟೇ ಅದು ಗೊತ್ತಾಗಬಾರದು.

ಅಕ್ಷರದ ಬೆಲೆ ತಿಳಿಯಲು ದೂರ ಹೋಗಬೇಕಿಲ್ಲ, ಇದೇ ದಾರಿಯ ಮಸ್ಕಿಯ ಬೆಟ್ಟದಲ್ಲಿ ಒಂದು ಬಂಡೆ ಇದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅದರ ಮೇಲಿನ ಬ್ರಾಹ್ಮಿ ಬರಹವನ್ನು ಕಂಡರು. ಅಲ್ಲಿಯತನಕ ಸಿಕ್ಕಿದ್ದ ಶಾಸನಗಳಲ್ಲಿ ರಾಜನನ್ನು ದೇವಾನಾಂಪಿಯ, ಪಿಯದಸಿ ಎಂದಷ್ಟೇ ಕರೆದಿತ್ತು. ಮಸ್ಕಿಯ ಕಲ್ಲು ಅಶೋಕ ಎಂಬ ಹೆಸರನ್ನೇ ಕೊಟ್ಟಿತು. ಕೆತ್ತಿದವನು ಆ ಮೂರಕ್ಷರದಲ್ಲಿ ಎಡವಿದ್ದರೆ ಇತಿಹಾಸಕಾರರು ಕಲ್ಲಿನ ಸಾಕ್ಷಿಗೆ ಇನ್ನೆಷ್ಟು ದಿನ ಕಾಯಬೇಕಿತ್ತೋ.

ಅದೇ ಅಶೋಕ ತನ್ನ ಹದಿನಾಲ್ಕನೆಯ ಬಂಡೆಶಾಸನದಲ್ಲಿ ಒಂದು ಮಾತು ಹೇಳಿದ್ದಾನೆ. ಎಲ್ಲಾದರೂ ಬರಹ ಅಪೂರ್ಣವಾಗಿದ್ದರೆ ಅದಕ್ಕೆ ಸ್ಥಳ ಕಾರಣವಿರಬಹುದು, ಲಿಪಿಕಾರನ ತಪ್ಪೂ ಕಾರಣವಿರಬಹುದು ಎಂಬುದು ಅದರ ಸಾರ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಆ ಶಾಸನ ದೊರೆತಿದೆ. ಚಕ್ರವರ್ತಿ ತನ್ನ ಬರಹದಲ್ಲಿ ತಪ್ಪು ನುಸುಳಬಹುದೆಂದು ಕಲ್ಲಿನಲ್ಲೇ ಬರೆಸಿದ. ಇದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಅಂಗಡಿಯವರಿಗೆ ತಪ್ಪು ತೋರಿಸಲು ಹೋಗುವಾಗ ನಮಗೂ ಅಷ್ಟು ಸಮಾಧಾನ ಬೇಕು. ಗಿರಾಕಿಗಳ ಮುಂದೆ ನಗಾಡದೆ, ಸಾಮಾನು ಕೊಂಡು ಚಿಲ್ಲರೆ ಇಸಿದುಕೊಳ್ಳುವಾಗ ಮೆಲ್ಲಗೆ, ಅಣ್ಣಾ, ಬೋರ್ಡಿನಲ್ಲಿ ಈ ಅಕ್ಷರ ಹೀಗಿರಬೇಕು ನೋಡ್ರಿ ಎಂದರೆ ಸಾಕು.

ಬೋರ್ಡು ಬರೆಸುವವರಿಗೂ ಒಂದು ಮಾತು. ಪ್ರಿಂಟಿಗೆ ಹಾಕುವ ಮೊದಲು ಫ್ಲೆಕ್ಸ್ ಅಂಗಡಿಯವರು ಮೊಬೈಲಿಗೆ ನಮೂನೆ ಕಳಿಸುತ್ತಾರೆ. ನಾವು ಫೋಟೊ ಚೆನ್ನಾಗಿ ಬಂದಿದೆಯೇ ಎಂದಷ್ಟೇ ನೋಡಿ ಹೂಂ ಅನ್ನುತ್ತೇವೆ. ಇನ್ನು ಮುಂದೆ ಮನೆಯಲ್ಲಿ ಕನ್ನಡ ಶಾಲೆಗೆ ಹೋಗುವ ಮಗುವಿನ ಕೈಗೆ ಅದನ್ನು ಕೊಟ್ಟು ಜೋರಾಗಿ ಓದಿಸಿ. ಮಗು ಎಲ್ಲಿ ತಡವರಿಸಿತೋ ಅಲ್ಲಿ ಇನ್ನೊಮ್ಮೆ ನೋಡಿ. ಆಗ ತಿದ್ದಿಸಲು ಒಂದು ಫೋನು ಸಾಕು, ಪ್ರಿಂಟಾದ ಮೇಲಾದರೆ ಇಡೀ ಫ್ಲೆಕ್ಸಿನ ದುಡ್ಡು ಮತ್ತೆ ಕೊಡಬೇಕಾಗುತ್ತದೆ.