ಉಡುಗೆಯೂ ಸ್ವಾಭಿಮಾನವೂ

(ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಿ ನೇಕಾರ ಕುಟುಂಬಗಳವರೂ ಉಪಾಧ್ಯಾಯ ಉಪಾಧ್ಯಾಯಿನಿಯರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಸ್ತ್ರೀಯರ ಉಡುಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ನಮ್ಮನ್ನು ಕರೆದಾಗ ನಾವು ಮೊದಲು ಹಿಂಜರಿದೆವು. ಅದರ ಕಾರಣವನ್ನು ಮುಚ್ಚಿಡಬೇಕಾದುದಿಲ್ಲ. ನಾವು ವಕೀಲರು. ಚಿತ್ರದುರ್ಗದ ಬಂಡೆಗಳು ಕಾದು ಕೆಂಡವಾಗುವ ಬೇಸಿಗೆಯಲ್ಲಿ, ಕೊರಳಿಗೆ ಬಿಳಿಯ ಪಟ್ಟಿಯನ್ನು ಕಟ್ಟಿಕೊಂಡು, ಶೀತದೇಶದ ನ್ಯಾಯಸ್ಥಾನಗಳಲ್ಲಿ ಹುಟ್ಟಿದ ಕರಿಯ ಕೋಟನ್ನು ತೊಟ್ಟು ಬೆವರುವವರು. ಜಿಲ್ಲೆಯ ಕೋರ್ಟುಗಳಲ್ಲಿ ಬೇಸಿಗೆಯಲ್ಲಿ ಕೋಟು ಕಡ್ಡಾಯವಲ್ಲವೆಂದು ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತಿದ್ದರೂ ಅದನ್ನು ಕಳಚಿಡಲು ನಮ್ಮಲ್ಲಿ ಅನೇಕರಿಗೆ ಧೈರ್ಯ ಸಾಲದು. ಇಂಥ ನಾವು ಎದ್ದು ನಿಂತು, ನಮ್ಮ ಹೆಣ್ಣುಮಕ್ಕಳು ಸಂಪ್ರದಾಯವನ್ನು ಬಿಟ್ಟರೆಂದು ಗೋಳಾಡುವುದು ಯಾವ ನ್ಯಾಯ? ಗಂಡಸರು ಪಂಚೆಯನ್ನು ಪೆಟ್ಟಿಗೆಗೆ ಸೇರಿಸಿ, ಸಂಸ್ಕೃತಿಯ ಹೊರೆಯನ್ನೆಲ್ಲ ಹೆಂಗಸರ ಹೆಗಲಿನ ಸೆರಗಿಗೆ ಕಟ್ಟಿದ್ದಾರೆ. ಆದುದರಿಂದ ಈ ದಿನ ನಾವು ಉಪದೇಶವನ್ನು ಮಾಡುವುದಿಲ್ಲ. ನಮ್ಮ ಮನೆಯಲ್ಲಿಯೇ ನಡೆದ ಒಂದು ವ್ಯವಹಾರವನ್ನು ತಮ್ಮ ಮುಂದಿಡುತ್ತೇವೆ. ತೀರ್ಪನ್ನು ಭಗಿನಿಯರು ಕೊಡಲಿ.

ಕೆಲವು ವರ್ಷಗಳ ಹಿಂದೆ ನಮ್ಮ ಕಿರಿಯ ತಂಗಿಯ ವಿವಾಹವು ನಿಶ್ಚಯವಾಯಿತು. ಸೀರೆಗಳನ್ನು ಕೊಳ್ಳಲು ಪಟ್ಟಣದ ಒಂದು ದೊಡ್ಡ ಅಂಗಡಿಗೆ ಹೋದೆವು. ದೀಪಗಳ ಝಗಝಗದಲ್ಲಿ ಅಂಗಡಿಯವನು ನೂರು ಸೀರೆಗಳನ್ನು ಹರವಿ, ಕೊನೆಗೆ ಒಂದನ್ನು ಎತ್ತಿ, ಇದು ಅಪ್ಪಟ ಮೊಳಕಾಲ್ಮೂರು ರೇಷ್ಮೆ, ಈ ವರ್ಷ ಎಲ್ಲರೂ ಇದನ್ನೇ ಉಡುತ್ತಿದ್ದಾರೆ ಎಂದನು. "ಎಲ್ಲರೂ" ಎಂಬ ಮಾತಿಗೆ ನಾವು ಸೋತೆವು. ತಂಗಿಗೆ ಆ ಬಣ್ಣ ಮನಸ್ಸಿಗೆ ಬಂದಿರಲಿಲ್ಲ. ಆದರೆ ಅಣ್ಣಂದಿರು ಒಪ್ಪಿದ ಮೇಲೆ ಅವಳು ಸುಮ್ಮನಾದಳು.

ಮದುವೆಗೆ ಇದೇ ಸೀಮೆಯ ಮಗ್ಗದ ಮನೆಯ ವೃದ್ಧೆಯೊಬ್ಬರು ಬಂದಿದ್ದರು. ಅವರು ಮದುಮಗಳ ಸೆರಗಿನ ತುದಿಯನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡಿ, ಏನೂ ಆಡದೆ ಅಕ್ಷತೆಯನ್ನು ಹಾಕಿದರು. ಅವರ ಮೌನವು ನಮ್ಮನ್ನು ಕಾಡಿತು. ಮದುವೆಯ ಗದ್ದಲ ಮುಗಿದ ಮೇಲೆ ಕೇಳಿದೆವು. "ಶುಭದ ಹೊತ್ತಿನಲ್ಲಿ ಯಾಕೆ ಅನ್ನಬೇಕು ಅಂತ ಸುಮ್ಮನಿದ್ದೆ ಕಣಪ್ಪಾ. ಅದು ನಮ್ಮ ಕಡೆಯ ಮಗ್ಗದ್ದಲ್ಲ. ರೇಷ್ಮೆಯೂ ಅಲ್ಲ" ಎಂದರು. ಸೆರಗಿನ ಕುಚ್ಚಿನಿಂದ ಎರಡೆಳೆಗಳನ್ನು ಎಳೆದು ದೀಪಕ್ಕೆ ಹಿಡಿಸಿದರು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು. ಬೂದಿಯು ಬೆರಳಿಗೆ ಸಿಕ್ಕಿ ಪುಡಿಯಾಗಬೇಕು. ಆ ಎಳೆಗಳು ಕರಗಿ, ಗಟ್ಟಿಯಾದ ಕರಿಯ ಮಣಿಯಾಗಿ ನಿಂತುವು. ಸಾಕ್ಷ್ಯದ ಕಾಯಿದೆಯನ್ನು ಕಲಿತ ನಮಗೆ ತಿಳಿಯದ್ದು, ಅಕ್ಷರವನ್ನು ಕಲಿಯದ ಅವರ ಬೆರಳಿಗೆ ತಿಳಿದಿತ್ತು.

ಇಷ್ಟೇ ಆಗಿದ್ದರೆ ಮೋಸಹೋದವರ ಕಥೆಯೆಂದು ಬಿಡಬಹುದಾಗಿತ್ತು. ಮುಂದೆ ನಡೆದುದನ್ನು ಕೇಳಿರಿ. ತಂಗಿಗೆ ಪಾಠಶಾಲೆಯಲ್ಲಿ ಉಪಾಧ್ಯಾಯಿನಿಯ ಕೆಲಸವು ದೊರೆಯಿತು. ಮೊದಲನೆಯ ದಿನ ಅವಳು ನಮ್ಮ ತಾಯಿಯವರ ಪೆಟ್ಟಿಗೆಯಿಂದ ಅವರ ಧಾರೆಯ ಸೀರೆಯನ್ನು ತೆಗೆದಳು. ಅದು ಮೊಳಕಾಲ್ಮೂರಿನದೇ. ಬಣ್ಣ ಅಷ್ಟಿಷ್ಟು ಮಾಸಿತ್ತು. ಒಂದು ಮಡಿಕೆಯಲ್ಲಿ ಜರಿ ಸೀಳಿದ್ದನ್ನು ತಾಯಿಯವರೇ ಸೂಜಿಯಿಂದ ಕೂಡಿಸಿದ್ದರು. ಅದರ ಮೇಲೆ ತಂಗಿಯು ಅಂಚಿಲ್ಲದ, ಕಸೂತಿಯಿಲ್ಲದ ಬಿಳಿಯ ಹತ್ತಿಯ ಕುಪ್ಪಸವನ್ನು ತೊಟ್ಟಳು. ಕೊರಳಲ್ಲಿ ಕರಿಮಣಿ ಮಾತ್ರ. ಇಷ್ಟು ಹಳೆಯದೇ ಎಂದು ನಾವು ಕೇಳಿದೆವು. "ಅಣ್ಣಾ, ಮದುವೆಯ ದಿನ ಸೀರೆ ನನ್ನನ್ನು ಉಟ್ಟಿತ್ತು. ಇವತ್ತು ನಾನು ಸೀರೆಯನ್ನು ಉಟ್ಟಿದ್ದೇನೆ" ಎಂದಳು. ಅಂದಿನಿಂದ ಅವಳ ಉಡುಗೆಯಲ್ಲಿ ಒಂದು ಕ್ರಮವು ಬಂದಿತು. ಸೀರೆಗಳು ಕೆಲವೇ; ಎಲ್ಲವೂ ಅವಳೇ ಆರಿಸಿದವು; ಬಿಳಿಯ ಕುಪ್ಪಸ ಮಾತ್ರ ಬದಲಾಗದು. ದೂರದಿಂದಲೇ ಮಕ್ಕಳು "ಟೀಚರ್ ಬಂದರು" ಎಂದು ಗುರುತಿಸುತ್ತಾರಂತೆ. ಇಂದು ನಾವು ಹೇಳಬೇಕೆಂದಿರುವುದೆಲ್ಲವೂ ಅವಳ ಆ ಒಂದು ಮಾತಿನಲ್ಲಿ ಅಡಗಿದೆ.

ಕಾಲಕ್ಕೆ ಅಳಿಯದ ಉಡುಗೆ ಎಂದೊಡನೆ ಹಳೆಯದನ್ನೆಲ್ಲ ಹಿಡಿದುಕೊಂಡಿರಬೇಕೆಂದು ಕೆಲವರು ಅರ್ಥ ಮಾಡುತ್ತಾರೆ. ಇದು ತಪ್ಪು. ನಾವು ಅನಾದಿಯೆಂದು ತಿಳಿದಿರುವ ಕ್ರಮಗಳು ಎಷ್ಟು ಹಳೆಯವು? ನಮ್ಮ ಅಜ್ಜಿಯರು ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದರು. ಹೊಲಕ್ಕೂ ಅದೇ, ಜಾತ್ರೆಗೂ ಅದೇ. ಇಂದಿನ ಹನ್ನೆರಡು ಮೊಳದ ಸೀರೆ, ಒಳಲಂಗ, ಕುಪ್ಪಸ, ಎಡ ಹೆಗಲ ಮೇಲಣ ಸೆರಗು ಇವುಗಳು ಒಟ್ಟಾಗಿ ಸುಶಿಕ್ಷಿತ ಮನೆಗಳಲ್ಲಿ ಹರಡಿದುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ. ವಂಗದೇಶದ ಠಾಕೂರ್ ಮನೆತನದ ಸೊಸೆ ಜ್ಞಾನದಾನಂದಿನೀ ದೇವಿಯವರು ಮುಂಬಯಿಯಲ್ಲಿ ಪಾರಸೀ ಸ್ತ್ರೀಯರು ಉಡುವ ರೀತಿಯನ್ನು ಕಂಡು, ಅದನ್ನು ತಮಗೆ ಒಗ್ಗಿಸಿಕೊಂಡು, ಹೊರಗೆ ಓಡಾಡಲು ಅನುಕೂಲವಾದ ಕ್ರಮವನ್ನು ರೂಢಿಗೆ ತಂದರೆಂಬುದು ಪ್ರಸಿದ್ಧವಾಗಿದೆ. ಅವರ ಕಾಲಕ್ಕೆ ಅದು ಹೊಸ ವೇಷವೇ. ಹಳೆಯದೆಂಬ ಕಾರಣದಿಂದ ಅದು ನಿಲ್ಲಲಿಲ್ಲ. ಮೈಗೆ, ಕೆಲಸಕ್ಕೆ, ಮರ್ಯಾದೆಗೆ ಒಪ್ಪಿದುದರಿಂದ ನಿಂತಿತು.

ಕನ್ನಡ ನಾಡಿನಲ್ಲಿಯೇ ನೋಡಿರಿ. ಕೊಡಗಿನ ಸ್ತ್ರೀಯು ನೆರಿಗೆಗಳನ್ನು ಬೆನ್ನ ಹಿಂದೆ ತಿರುಗಿಸಿ, ಸೆರಗನ್ನು ಬಲ ಹೆಗಲಿಗೆ ತರುತ್ತಾಳೆ. ಇಳಕಲ್ಲಿನ ನೇಕಾರನು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿ, ಕೆಂಪು ಸೆರಗಿನಲ್ಲಿ ಬಿಳಿಯ ತೆನೆಯ ಸಾಲುಗಳನ್ನು ಎಬ್ಬಿಸುತ್ತಾನೆ. ಧಾರವಾಡದ ಕಡೆಯ ಗೃಹಿಣಿಯು ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಕಸೂತಿಯನ್ನು ಹಾಕುತ್ತಾಳೆ. ಗುಳೇದಗುಡ್ಡದ ಖಣ ಬೇರೆ, ಉಡುಪಿಯ ಹತ್ತಿಯ ಸೀರೆ ಬೇರೆ. ನೆರೆಯ ಚಳ್ಳಕೆರೆಯ ಕರಿಯ ಕಂಬಳಿಯು ಮಳೆ, ಚಳಿ, ಹಾಸಿಗೆ ಮೂರಕ್ಕೂ ಒದಗುತ್ತದೆ. ಇವುಗಳಲ್ಲಿ ಯಾವುದು ಕನ್ನಡತಿಯ ಉಡುಗೆ? ಎಲ್ಲವೂ ಹೌದು. ನಾಡು ಒಂದಾಗುವುದೆಂದರೆ ಎಲ್ಲರೂ ಒಂದೇ ಸಮವಸ್ತ್ರವನ್ನು ಧರಿಸುವುದಲ್ಲ.

ಅನ್ಯರ ಕಣ್ಣಿಗೆ ಅಂಜದೆ ತನ್ನ ಉಡುಗೆಯನ್ನು ತಾನೇ ನಿರ್ಣಯಿಸಿಕೊಂಡ ಕನ್ನಡ ನಾಡಿನ ಮಹಿಳೆಗೆ ಒಂದು ಉದಾಹರಣೆ ಬೇಕೆಂದರೆ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೆನೆಯಬಹುದು. ಬಾಲ್ಯದಲ್ಲಿಯೇ ವಿಧವೆಯಾದವರು, ಆ ಕಾಲದ ಕಟ್ಟುಪಾಡು ಅವರಿಗೆ ಇಂಥದನ್ನೇ ಉಡು ಎಂದು ವಿಧಿಸಬಹುದಾಗಿತ್ತು. ಅವರು ಪುನರ್ವಿವಾಹ ಮಾಡಿಕೊಂಡರು. 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಯನ್ನು ಕಂಡರು. ಸ್ವಾತಂತ್ರ್ಯದ ತರುವಾಯ ಕರಕುಶಲ ಮಂಡಲಿಯ ಮುಂದಾಳಾಗಿ ನೇಕಾರರ, ಕುಶಲಕರ್ಮಿಗಳ ಮನೆಬಾಗಿಲುಗಳಿಗೆ ತಿರುಗಿದರು. ಎಲ್ಲಿ ಹೋದರೂ ಮೈಮೇಲೆ ಕೈಮಗ್ಗದ ಸೀರೆ. ಅವರನ್ನು ನೋಡಿದವರು ಈ ವರ್ಷದ ನಮೂನೆ ಯಾವುದೆಂದು ಕೇಳುತ್ತಿರಲಿಲ್ಲ. ಈ ಸೀರೆ ಯಾವ ಊರಿನದೆಂದು ಕೇಳುತ್ತಿದ್ದರು. ಬಿಳಿಯ ಖಾದಿಯನ್ನು 1920ರ ದಶಕದಲ್ಲಿ ಉಟ್ಟ ಸುಮಂಗಲಿಯರ ಧೈರ್ಯವನ್ನೂ ಮರೆಯಬಾರದು. ಬಿಳಿಯ ಸೀರೆ ವೈಧವ್ಯದ ಗುರುತೆಂದು ಅನೇಕ ಮನೆಗಳು ಭಾವಿಸಿದ್ದ ಕಾಲದಲ್ಲಿ ಅವರು ಅತ್ತೆಯ ಮಾತನ್ನೂ ನೆರೆಯವರ ನಗೆಯನ್ನೂ ಸಹಿಸಿದರು.

ಇನ್ನು ಈ ಊರಿನ ವಿಷಯ. ನಿಮಗೆ ಮಗ್ಗವನ್ನು ವಿವರಿಸುವುದು ಮೀನಿಗೆ ಈಜನ್ನು ಕಲಿಸಿದಂತೆ. ಆದರೂ ಕೊಳ್ಳುವವರಾಗಿ ಬಂದಿರುವ ಉಪಾಧ್ಯಾಯಬಂಧುಗಳಿಗಾಗಿ ಹೇಳುತ್ತೇವೆ. ಮಗ್ಗದ ಮುಂದೆ ಕುಳಿತವನು ಒಬ್ಬನಾದರೂ ಸೀರೆಯನ್ನು ನೇಯುವುದು ಇಡೀ ಮನೆ. ಕಂಡಿಕೆ ಸುತ್ತುವ ಕೈಗಳು ಬಹುಮಟ್ಟಿಗೆ ಹೆಂಗಸರವು. ಒಡಲಿಗೊಂದು, ಅಂಚಿಗೊಂದು ಬಣ್ಣವು ಬೆರೆಯದೆ ನಿಲ್ಲಬೇಕಾದರೆ ಮೂರು ಲಾಳಿಗಳನ್ನು ಆಡಿಸಬೇಕು. ಒಂದೊಂದು ಹೊಕ್ಕಿಗೂ ಅಂಚು ಒಡಲನ್ನು ಕೊಂಡಿಯಂತೆ ಹಿಡಿಯಬೇಕು. ಸರಳವಾದ ಸೀರೆಗೆ ಕೆಲವು ದಿನಗಳು, ಹೂವು, ಹಣ್ಣು, ಪ್ರಾಣಿಗಳ ಚಿತ್ತಾರ ತುಂಬಿದುದಕ್ಕೆ ವಾರಗಳೇ ಹಿಡಿಯುತ್ತವೆ. ಯಂತ್ರವು ಆ ಚಿತ್ತಾರವನ್ನು ಕದ್ದು ಕೃತಕ ನೂಲಿನಲ್ಲಿ ಒಂದು ದಿನದೊಳಗೆ ಅನೇಕ ಸೀರೆಗಳನ್ನು ಇಳಿಸಿ, ಅದೇ ಹೆಸರನ್ನು ಹಚ್ಚುತ್ತದೆ.

ಇದಕ್ಕೆ ಕಾಯಿದೆಯಿಲ್ಲವೇ ಎಂದು ಕೇಳುವಿರಿ. ಇದೆ. ಕೆಲವು ವಸ್ತುಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಶಾಸನವು 1985ರಲ್ಲಿ ಬಂದಿತು. ಸುಪ್ರೀಂ ಕೋರ್ಟು 1993ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಮೊದಲು 22 ಇದ್ದ ಮೀಸಲು ವಸ್ತುಗಳ ಸಂಖ್ಯೆಯು 1996ರಲ್ಲಿ 11ಕ್ಕೆ ಇಳಿಯಿತು. ಸ್ಥಳದ ಹೆಸರನ್ನು ಕಾಯುವ ಭೌಗೋಳಿಕ ಸೂಚಕಗಳ ಶಾಸನವು 1999ರಲ್ಲಿ ಆಗಿ 2003ರಲ್ಲಿ ಜಾರಿಗೆ ಬಂದಿತು. ಅದರ ಮೇರೆಗೆ ಮೊಳಕಾಲ್ಮೂರು ಸೀರೆಯು 2011ರಲ್ಲಿ ದಾಖಲೆಯಾಯಿತು. ಶುದ್ಧ ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್, ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಗುರುತುಗಳಿವೆ. ಇವೆಲ್ಲವೂ ಬೇಕಾದವೇ. ಆದರೆ ವಕೀಲವೃತ್ತಿಯ ಅನುಭವದಿಂದ ಅರಿಕೆ ಮಾಡಿಕೊಳ್ಳುತ್ತೇವೆ: ಫಿರ್ಯಾದಿಯೇ ಇಲ್ಲದ ಕಡೆ ಕಾಯಿದೆಯು ಪುಸ್ತಕದಲ್ಲಿ ನಿದ್ರಿಸುತ್ತದೆ. ಕೊಳ್ಳುವ ಹೆಂಗಸಿನ ಬೆರಳಿಗೆ ನಿಜ ಯಾವುದು, ನಕಲಿ ಯಾವುದು ಎಂದು ತಿಳಿಯದಿದ್ದರೆ ಯಾವ ಶಾಸನವೂ ಈ ಮಗ್ಗವನ್ನು ಕಾಯಲಾರದು.

ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. 1892ರಲ್ಲಿ ರೈಸ್ ಸಾಹೇಬರು ಅದನ್ನು ಬೆಳಕಿಗೆ ತಂದರು. ಅದರ ಕೊನೆಯಲ್ಲಿ ಬರೆದವನು ತನ್ನ ಹೆಸರನ್ನು ಬಿಟ್ಟುಹೋಗಿದ್ದಾನೆ: ಚಪಡ. ಎರಡು ಸಾವಿರದ ಇನ್ನೂರು ವರ್ಷಗಳ ಮೇಲೂ ಆ ಲಿಪಿಕಾರನ ಹೆಸರು ನಮಗೆ ಗೊತ್ತಿದೆ. ನಮ್ಮ ತಾಯಿಯವರ ಧಾರೆಯ ಸೀರೆಯನ್ನು ನೇಯ್ದವರ ಹೆಸರು ನಮಗೆ ಗೊತ್ತಿಲ್ಲ. ಇದು ನಮ್ಮ ನಾಚಿಕೆಯ ಸಂಗತಿ. ಆದುದರಿಂದ ಮೊದಲನೆಯ ಬಿನ್ನಹ ಇದು: ವರ್ಷಕ್ಕೆ ಹತ್ತು ಸೀರೆಗಳನ್ನು ಕೊಳ್ಳುವ ಹಣವನ್ನು ಕೂಡಿಟ್ಟು ಒಂದನ್ನು ಕೊಳ್ಳಿರಿ; ನೇಯ್ದ ಮನೆಯವರ ಹೆಸರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಸೀರೆಯೊಡನೆ ಇಡಿರಿ. ಮಗಳು ಅದನ್ನು ಉಡುವ ದಿನ ಆ ಚೀಟಿಯನ್ನೂ ಓದಲಿ.

ಎರಡನೆಯದು ಕೊಳ್ಳುವ ಕ್ರಮ. ನಾವು ತಂಗಿಯನ್ನೂ ಮಗ್ಗದ ಮನೆಯ ತಾಯಂದಿರನ್ನೂ ಕೇಳಿ ತಿಳಿದುದನ್ನು ಹೇಳುತ್ತೇವೆ. ಅಂಗಡಿಯ ದೀಪವನ್ನು ನಂಬದೆ ಬಾಗಿಲಿಗೆ ಬಂದು ಹಗಲಿನ ಬೆಳಕಿನಲ್ಲಿ ಬಣ್ಣವನ್ನು ಮುಖದ ಪಕ್ಕಕ್ಕೆ ಹಿಡಿದು ನೋಡಬೇಕು. ಬಿಳಿಯ ಮೈಬಣ್ಣಕ್ಕೆ ಇದು, ಕಪ್ಪಿಗೆ ಅದು ಎಂಬ ಮಾತಿಗೆ ಕಿವಿಗೊಡಬೇಕಾದುದಿಲ್ಲ. ಈ ಸೀಮೆಯ ಬಿಸಿಲು ಕಂಡ ಕಪ್ಪು ಮೈಗೆ ಅರಿಸಿನ, ಕುಂಕುಮ, ಗಿಳಿಹಸಿರುಗಳು ಒಪ್ಪುವಂತೆ ಬೇರೆಲ್ಲಿಯೂ ಒಪ್ಪವು. ಉಟ್ಟು ನಾಲ್ಕು ಹೆಜ್ಜೆ ನಡೆಯಬೇಕು, ಕುಳಿತು ಏಳಬೇಕು. ಪದೇಪದೇ ಸೆರಗನ್ನು ಸರಿಪಡಿಸಿಕೊಳ್ಳಬೇಕಾದ ಸೀರೆಯು ಎಷ್ಟು ಬೆಲೆಬಾಳಿದರೂ ನಿಮ್ಮದಲ್ಲ. ದಿನದ ಕೆಲಸಕ್ಕೆ ಹತ್ತಿ, ವಿಶೇಷಕ್ಕೆ ರೇಷ್ಮೆ. ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗುವ ಹುಡುಗಿಗೆ ಚೂಡಿದಾರವೇ ಅನುಕೂಲವೆಂದರೆ ಅವಳು ಅದನ್ನೇ ತೊಡಲಿ. ಬಟ್ಟೆಯನ್ನು ಅರಿತು ಆರಿಸುವ ಗುಣ ಒಂದಿದ್ದರೆ ಸಾಕು.

ಮೂರನೆಯದು ಕಾಪಾಡುವ ಕ್ರಮ. ರೇಷ್ಮೆಯನ್ನು ನೆರಳಿನಲ್ಲಿ ಆರಿಸಿ, ತೆಳುವಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಬೇಕು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಜರಿಯು ಆ ಗೆರೆಯಲ್ಲಿ ಸೀಳುತ್ತದೆ. ಕೆಲವು ತಿಂಗಳುಗಳಿಗೊಮ್ಮೆ ಬಿಡಿಸಿ ಬೇರೆ ಮಡಿಕೆ ಹಾಕಬೇಕು. ಹರಿದುದನ್ನು ಹೊಲಿಯುವುದಕ್ಕೆ ನಾಚಬೇಕಾದುದಿಲ್ಲ. ನಮ್ಮ ತಾಯಿಯವರ ಸೂಜಿಯ ಗುರುತು ಆ ಸೀರೆಯ ಕುಂದಲ್ಲ; ನಮ್ಮ ಕಣ್ಣಿಗೆ ಅದು ಜರಿಗಿಂತ ಹೆಚ್ಚು.

ಬಂಧುಗಳೇ, ಹೆಸರು ಉಳಿದು ಮಗ್ಗವು ಅಳಿಯುವ ಕಾಲವು ಬಾರದಿರಲಿ ಎಂಬುದೇ ನಮ್ಮ ಕಳವಳ. ಈ ಸೀಮೆಯಲ್ಲಿ ಮಳೆ ಕಡಿಮೆ. ಹೊಲವು ಕೈಕೊಟ್ಟಾಗ ಮಗ್ಗವು ಅನ್ನವನ್ನಿಕ್ಕಿದೆ. ಅಂಥ ಮಗ್ಗವನ್ನು ದಯೆಯಿಂದ ಉಳಿಸಲಾಗದು. ನೇಕಾರನು ದಯೆಯನ್ನು ಬೇಡುವವನೂ ಅಲ್ಲ. ತನಗೇನು ಒಪ್ಪುವುದೆಂದು ಬಲ್ಲ ಹೆಂಗಸು ಒಳ್ಳೆಯ ಬಟ್ಟೆಗೆ ಸರಿಯಾದ ಬೆಲೆಯನ್ನು ಕೊಡುತ್ತಾಳೆ; ಅಷ್ಟರಿಂದ ಮಗ್ಗ ಬದುಕುತ್ತದೆ. ಅವಳ ಸ್ವಾಭಿಮಾನವೂ ನೇಕಾರನ ಅನ್ನವೂ ಹಾಸು ಹೊಕ್ಕಾಗಿವೆ.

ಗಂಡಸರಿಗೂ ಒಂದು ಮಾತನ್ನು ಹೇಳದೆ ಮುಗಿಸಬಾರದು. ಮುಂದಿನ ಸಲ ಸೀರೆಯಂಗಡಿಗೆ ಹೋದಾಗ ನಾವು ಹೊರಗಿನ ಬೆಂಚಿನ ಮೇಲೆ ಕುಳಿತು ಸುಮ್ಮನಿರೋಣ. ನಮ್ಮ ವಿಷಯದಲ್ಲಿ, ಬರುವ ಬೇಸಿಗೆಯಿಂದ ಆ ಕರಿಯ ಕೋಟನ್ನು ಗೂಟಕ್ಕೆ ತಗುಲಿಸುವುದೆಂದು ನಿಶ್ಚಯಿಸಿದ್ದೇವೆ. ನಿಯಮವು ನಮ್ಮ ಕಡೆಗೇ ಇದೆ. ತಂಗಿಯು ತೋರಿಸಿದ ಧೈರ್ಯವನ್ನು ಅಣ್ಣನು ಇಷ್ಟು ತಡವಾಗಿಯಾದರೂ ತೋರಿಸಲಿ.