ಹುದ್ದೆಯ ಹೆಸರು, ಕೈಯಲ್ಲಿನ ಅಧಿಕಾರ
(ಗಚ್ಚಿಬೌಲಿಯಲ್ಲಿ ನಮ್ಮ ಸಂಘದ ರಾತ್ರಿ ತರಗತಿಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಮಾತಾಡಬೇಕೆಂದಿರುವುದು ಸಂಬಳದ ವಿಷಯವಲ್ಲ, ಬೋನಸ್ಸಿನ ವಿಷಯವೂ ಅಲ್ಲ. ಹತ್ತು ಹನ್ನೆರಡು ಇಂಗ್ಲೀಷು ಮಾತುಗಳ ವಿಷಯ. ಮೇನೇಜರು, ಸೂಪರ್‌ವೈಸರು, ಕ್ಯಾಪ್ಟನ್, ಟೀಮ್ ಲೀಡರು, ಇನ್‌ಚಾರ್ಜು, ಬಾಸು, ಅಥಾರಿಟಿ ಎಂಬ ಜಾತಿಯ ಮಾತುಗಳು. ಇಂಗ್ಲೀಷು ಕಲಿಸಲು ಮೇಷ್ಟ್ರು ಬೇರೆ ಇದ್ದಾರಲ್ಲ, ಏಳನೆಯ ತರಗತಿಗೆ ಶಾಲೆ ಬಿಟ್ಟು ಹೋಟೆಲಿನಲ್ಲಿ ಲೋಟ ತೊಳೆದವರಿಗೆ ಈ ಉಸಾಬರಿ ಏತಕ್ಕೆ ಎಂದು ಕೆಲವರಿಗಾದರೂ ಅನ್ನಿಸೀತು. ಕಾರಣವಿಷ್ಟೆ: ವ್ಯಾಕರಣ ತಪ್ಪಿದರೆ ಮೇಷ್ಟ್ರು ನಗುತ್ತಾರೆ, ಅಷ್ಟೆ. ಈ ಮಾತುಗಳ ಅರ್ಥ ತಪ್ಪಿದರೆ ನಮ್ಮವರು ಕೆಲಸ ಕಳೆದುಕೊಳ್ಳುತ್ತಾರೆ, ಕಳೆದುಕೊಂಡ ಮೇಲೆ ಕೇಳುವ ಹಕ್ಕನ್ನೂ ಕಳೆದುಕೊಂಡೆವೆಂದು ನಂಬಿ ಮನೆಗೆ ಹೋಗುತ್ತಾರೆ.

ನಾವು ನಿಂತಿರುವ ಈ ಊರಿನ ಹೆಸರನ್ನೇ ನೋಡಿ. ಗಚ್ಚು ಎಂದರೆ ಸುಣ್ಣದ ಗಾರೆ, ಬೌಲಿ ಎಂದರೆ ಬಾವಿ. ನಮ್ಮ ಬೀದರ, ಕಲಬುರ್ಗಿ, ರಾಯಚೂರಿನವರಿಗೆ ಎರಡೂ ಹೊಸ ಮಾತಲ್ಲ. 1974ರಲ್ಲಿ ಹೈದರಾಬಾದು ವಿಶ್ವವಿದ್ಯಾಲಯ ಹುಟ್ಟಿ ಇಲ್ಲಿ ನೆಲೆಸಿದಾಗ ಸುತ್ತ ಬಂಡೆಗಲ್ಲು, ಕುರುಚಲು ಕಾಡು. 1998ರಲ್ಲಿ ಪಕ್ಕದ ಮಾದಾಪುರದಲ್ಲಿ ಸೈಬರ್ ಟವರ್ಸ್ ಎದ್ದಿತು. 2008ರಲ್ಲಿ ಇಲ್ಲಿಂದ ಶಂಷಾಬಾದಿಗೆ ಹೊರವರ್ತುಲ ರಸ್ತೆ ತೆರೆಯಿತು. ಈಗ ಗಾಜಿನ ಕಟ್ಟಡಗಳಿಗೆ ಲೆಕ್ಕವಿಲ್ಲ. ಒಳಗೆ ಕಂಪ್ಯೂಟರಿನ ಮುಂದೆ ಕೂತವರಿಗೆ ಅನ್ನ ಬಡಿಸುವವರು, ನೆಲ ಒರೆಸುವವರು, ಬಾಗಿಲು ಕಾಯುವವರು ನಾವು. ನಮಗೆ ಬೀದಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಮನೆಯಲ್ಲಿ ಕನ್ನಡ. ನೇಮಕದ ಕಾಗದ ಮಾತ್ರ ಇಂಗ್ಲೀಷು.

ಇದೂ ನಮಗೆ ಹೊಸ ಅನುಭವವಲ್ಲ. 1956ರವರೆಗೆ ನಮ್ಮ ಮೂರು ಜಿಲ್ಲೆಗಳೂ ಈ ಹೈದರಾಬಾದಿನ ಸಂಸ್ಥಾನಕ್ಕೇ ಸೇರಿದ್ದವು. ನಿಜಾಮರ ಕಾಲದಲ್ಲಿ ಹುಕುಂ ಬರುತ್ತಿದ್ದುದು ಉರ್ದುವಿನಲ್ಲಿ. ತಹಶೀಲ್ದಾರ, ಅಮೀನ, ಜಮಾದಾರ, ಜಪ್ತಿ, ಫಿರ್ಯಾದಿ, ಈ ಮಾತುಗಳನ್ನು ನಮ್ಮ ಅಜ್ಜಂದಿರು ಪುಸ್ತಕ ಓದಿ ಕಲಿಯಲಿಲ್ಲ. ಅವುಗಳ ಕೆಳಗೆ ಬದುಕಿ ಕಲಿತರು. ಯಾರಿಗೆ ಎಷ್ಟು ಅಧಿಕಾರ, ಯಾರ ಹತ್ತಿರ ಅರ್ಜಿ ಒಯ್ದರೆ ಕೆಲಸವಾದೀತು ಎಂಬುದು ಅವರಿಗೆ ಗೊತ್ತಿತ್ತು. ಅಕ್ಷರ ಬಾರದವರೂ ಅಮೀನ ಯಾರು, ಪೇಶ್ಕಾರ ಯಾರು ಎಂದು ಗೊಂದಲಪಡುತ್ತಿರಲಿಲ್ಲ. ಮೊಮ್ಮಕ್ಕಳಾದ ನಾವು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಅದರಲ್ಲಿ ನಮ್ಮ ಹೆಸರಿನ ಕೆಳಗೆ ಏನು ಬರೆದಿದೆಯೆಂದು ತಿಳಿಯದೆ ತಿರುಗುತ್ತಿದ್ದೇವೆ.

ಈ ಕಷ್ಟ ನಮ್ಮೊಬ್ಬರದೇ ಅಲ್ಲವೆಂಬುದು ಒಂದು ಸಮಾಧಾನ. ಅಮೆರಿಕದ ಹೋಟೆಲುಗಳ ಅಡಿಗೆಮನೆಗಳಲ್ಲಿ, ಕೋಣೆ ಗುಡಿಸುವ ಕೆಲಸದಲ್ಲಿ ಮೆಕ್ಸಿಕೋ ಮೊದಲಾದ ದೇಶಗಳಿಂದ ಬಂದ ಸ್ಪ್ಯಾನಿಷ್ ಮಾತಿನವರು ಬಹಳ ಮಂದಿ. ಅವರ ಭಾಷೆಯಲ್ಲಿ 'ಹೆಫೆ' ಎಂದು ಒಂದು ಮಾತಿದೆ. ಬಾಸೂ ಹೆಫೆ, ಚೀಫೂ ಹೆಫೆ, ಇಲಾಖೆಯ ಮುಖ್ಯಸ್ಥನೂ ಹೆಫೆ. ಇಂಗ್ಲೀಷಿಗೆ ಬಂದ ಕೂಡಲೇ ಆ ಒಂದು ಮಾತು ಐದಾರು ತುಂಡಾಗುತ್ತದೆ. ಯಾವ ತುಂಡನ್ನು ಎಲ್ಲಿ ಇಡಬೇಕೆಂದು ಕಲಿಯುವವ ತಡವರಿಸುತ್ತಾನೆ. ಅವರ 'ಮಂದಾರ್' ಎಂಬ ಕ್ರಿಯಾಪದಕ್ಕೆ ಕಳಿಸು ಎಂದೂ ಅರ್ಥ, ಅಪ್ಪಣೆ ಮಾಡು ಎಂದೂ ಅರ್ಥ. ಇಂಗ್ಲೀಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಮಾತು. ಇನ್ನೂ ಒಂದು ತಮಾಷೆ: ಮುಂದಾಳಿಗೆ ಅವರು ಈಗ ಆಡುವ 'ಲೀದೆರ್' ಎಂಬ ಮಾತು ಇಂಗ್ಲೀಷಿನಿಂದಲೇ ಎರವಲು ತಂದದ್ದು, ನಾವು ಲೀಡರು ಎಂದಂತೆಯೇ.

ಈ ಮಾತುಗಳ ಮೂಲವನ್ನು ಕೆದಕಿದರೆ ಹೋಟೆಲಿನವರಿಗೆ ಬಹಳ ಮೋಜು. ಹೆಫೆ, ಚೀಫ್, ಅಡಿಗೆಮನೆಯ ಶೆಫ್, ಊಟದ ಹಾಲಿನ ಕ್ಯಾಪ್ಟನ್, ಈ ನಾಲ್ಕೂ ಲ್ಯಾಟಿನ್ ಭಾಷೆಯ 'ತಲೆ' ಎಂಬ ಒಂದೇ ಮಾತಿನ ಮಕ್ಕಳು. ಸೂಪರ್‌ವೈಸರ್ ಎಂದರೆ ಮೇಲಿನಿಂದ ನೋಡುವವನು. ಮೇನೇಜ್ ಎಂಬುದು ಇಟಲಿಯ ಭಾಷೆಯಲ್ಲಿ ಕುದುರೆಯನ್ನು ಕೈಯಲ್ಲಿ ಹಿಡಿದು ಪಳಗಿಸುವ ಮಾತಾಗಿತ್ತು. ಕುದುರೆ ಯಾರೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ. ಬಾಸ್ ಡಚ್ಚರ ಮಾತು, ಅಮೆರಿಕದಲ್ಲಿ ಬೆಳೆದದ್ದು, ಧಣಿ ಎಂದು ಅರ್ಥ. ನಮ್ಮ ಕಟ್ಟಡದ ಕೆಲಸದ ಮೇಸ್ತ್ರಿ ಪೋರ್ಚುಗೀಸರಿಂದ ಬಂದವನು, ಸ್ಪ್ಯಾನಿಷಿನ 'ಮಾಯೆಸ್ತ್ರೊ'ವಿಗೆ ಒಡಹುಟ್ಟು.

ನಮ್ಮ ಕನ್ನಡವೇನು ಕಡಮೆಯೇ? ಆಳು ಎಂದರೆ ಕೂಲಿಯವನು. ಆಳು ಎಂದರೆ ರಾಜ್ಯವಾಳುವುದು. ಮುಂದಾಳು ಎಂದರೆ ಮುಂದೆ ನಿಂತ ಆಳು. ಲೀಡರು ಎಂಬ ಮಾತಿಗೂ ಇಂಗ್ಲೀಷಿನಲ್ಲಿ ಹೆಚ್ಚು ಕಡಮೆ ಇದೇ ಅರ್ಥ: ಮುಂದೆ ನಡೆದು ದಾರಿ ತೋರಿಸುವವನು. ಅವನಿಗೆ ಅಧಿಕಾರ ಇರಲೂಬಹುದು, ಇಲ್ಲದಿರಲೂಬಹುದು. ಅಥಾರಿಟಿ ಎಂಬುದು ಬೇರೆಯೇ ಮಾತು. ಅದು ಯಾರೋ ಕೊಟ್ಟದ್ದು, ಕಾಗದದಲ್ಲಿ ಬರೆದದ್ದು, ಕೊಟ್ಟವರು ಹಿಂದಕ್ಕೆ ಪಡೆಯಬಹುದಾದದ್ದು. ಟೀಮ್ ಲೀಡರು ಎಂಬ ಹೆಸರಿನೊಳಗೆ ಲೀಡರಿದ್ದಾನೆ, ಅಥಾರಿಟಿ ಇಲ್ಲದಿರಬಹುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಕೇಳಬೇಕು.

ಚಾರ್ಜು ಎಂಬ ಮಾತು ನಮಗೆ ದಿನ ಬೆಳಗಾದರೆ ಬೇಕು. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜು, ಫೋನಿಗೆ ಚಾರ್ಜು, ತಪ್ಪು ಹೊರಿಸಿದರೆ ಚಾರ್ಜ್‌ಶೀಟು, ಬಡ್ತಿ ಬಂದರೆ ಇನ್‌ಚಾರ್ಜು. ಇಂಗ್ಲೀಷಿನಲ್ಲಿ ಒಬ್ಬರು ಅಡಿಗೆಮನೆಗೆ 'ಇನ್ ಚಾರ್ಜ್ ಆಫ್' ಎಂದರೆ ಅಡಿಗೆಮನೆ ಅವರ ಕೈಯಲ್ಲಿದೆ. ನಡುವೆ 'ದಿ' ಎಂಬ ಒಂದು ಪುಟ್ಟ ಅಕ್ಷರ ಸೇರಿಸಿ 'ಇನ್ ದಿ ಚಾರ್ಜ್ ಆಫ್' ಎಂದರೆ ಅವರೇ ಇನ್ನೊಬ್ಬರ ಕೈಯಲ್ಲಿದ್ದಾರೆ. ಸ್ಪ್ಯಾನಿಷಿನವರು ಇನ್‌ಚಾರ್ಜಿಗೆ 'ಎನ್‌ಕರ್ಗಾದೊ' ಎನ್ನುತ್ತಾರೆ, ಹೊರೆ ಹೊರಿಸಲ್ಪಟ್ಟವನು ಎಂಬ ಮೂಲಾರ್ಥ. ನಮ್ಮ ಎಷ್ಟೋ ಇನ್‌ಚಾರ್ಜುಗಳಿಗೆ ಈ ಸ್ಪ್ಯಾನಿಷ್ ಹೆಸರೇ ಸರಿಯಾಗಿ ಒಪ್ಪುತ್ತದೆ: ಹೊರೆ ಇದೆ, ಕೈಯಲ್ಲಿ ಬೀಗದ ಕೈಯಿಲ್ಲ.

ಈಗ ಅನ್ನದ ಮಾತಿಗೆ ಬರೋಣ. ರಾಯಚೂರು ಕಡೆಯ ಗೆಳೆಯರೊಬ್ಬರು ಇಲ್ಲಿಯ ಒಂದು ದೊಡ್ಡ ಊಟದ ಮನೆಯಲ್ಲಿ ಆರು ವರ್ಷ ಸಪ್ಲೈಯರಾಗಿದ್ದರು. ಒಂದು ದಿನ ಅವರಿಗೆ ಕೋಟು ಕೊಟ್ಟರು, 'ಫ್ಲೋರ್ ಮೇನೇಜರ್' ಎಂಬ ಕಾಗದ ಕೊಟ್ಟರು, ತಿಂಗಳಿಗೆ ಸಾವಿರದೈನೂರು ಹೆಚ್ಚಿಗೆ ಕೊಟ್ಟರು. ಊರಿಗೆ ಫೋನು ಹೋಯಿತು, ಮನೆಯಲ್ಲಿ ಹೋಳಿಗೆ ಮಾಡಿದರು. ಆ ಬಳಿಕ ಅವರಿಗೆ ಹೊತ್ತಿನ ಲೆಕ್ಕವೇ ಇಲ್ಲದಾಯಿತು. ಮೇನೇಜರಿಗೆ ಓವರ್‌ಟೈಮು ಎಲ್ಲಿಯದು ಎಂದರು. ಒಂದೂವರೆ ವರ್ಷ ಕಳೆದು ನಾಳೆಯಿಂದ ಬರಬೇಡವೆಂದರು. ತಕರಾರು ಎತ್ತಿದಾಗ ಬಂದ ಉತ್ತರ: ತಾವು ಮೇನೇಜರು, ಕಾರ್ಮಿಕರಲ್ಲ, ಕಾರ್ಮಿಕ ಇಲಾಖೆಗೆ ಹೋಗಲು ತಮಗೆ ದಾರಿಯಿಲ್ಲ.

ಈ ಉತ್ತರದಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಅಪಾಯಕಾರಿ. 1947ರ ಕೈಗಾರಿಕಾ ವಿವಾದಗಳ ಕಾನೂನಿನಲ್ಲಿ 'ವರ್ಕ್‌ಮನ್' ಯಾರೆಂದು ಹೇಳುವಾಗ ಮುಖ್ಯವಾಗಿ ಆಡಳಿತದ ಕೆಲಸ ಮಾಡುವವರನ್ನು ಹೊರಗಿಟ್ಟಿದ್ದರು. ಮೇಲ್ವಿಚಾರಣೆ ಮಾಡುವವರನ್ನು ಒಂದು ಸಂಬಳದ ಮಿತಿಗಿಂತ ಮೇಲಿದ್ದರೆ ಮಾತ್ರ ಹೊರಗಿಡುತ್ತಿದ್ದರು. ಆ ಮಿತಿ 1956ರ ತಿದ್ದುಪಡಿಯಲ್ಲಿ 500 ರೂಪಾಯಿ, 1984ರಿಂದ 1,600, 2010ರಿಂದ 10,000. ಆ ಕಾನೂನಿನ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ನೆಯ ನವೆಂಬರ್ 21ರಂದು ಜಾರಿಯಾಯಿತು. ಅದರಲ್ಲಿ 'ವರ್ಕರ್' ಎಂಬ ಮಾತು, ಮೇಲ್ವಿಚಾರಕರ ಮಿತಿ ತಿಂಗಳಿಗೆ 18,000 ರೂಪಾಯಿ. ಇಲ್ಲಿ ಒಂದು ಸೂಕ್ಷ್ಮವಿದೆ. ಸೂಪರ್‌ವೈಸರಿಗೆ ಸಂಬಳದ ಮಿತಿಯುಂಟು. ಮೇನೇಜರಿಗೆ ಮಿತಿಯೇ ಇಲ್ಲ. ಹನ್ನೆರಡು ಸಾವಿರದ ಸೂಪರ್‌ವೈಸರು ಒಳಗೆ, ಹನ್ನೆರಡು ಸಾವಿರದ ನಿಜವಾದ ಮೇನೇಜರು ಹೊರಗೆ. ಕೆಲವು ಧಣಿಗಳಿಗೆ ಮೇನೇಜರು ಎಂಬ ಮಾತು ಇಷ್ಟೊಂದು ಪ್ರಿಯವಾದುದು ಏಕೆಂದು ಇದರಿಂದ ಊಹಿಸಬಹುದು.

ಆದರೆ 'ನಿಜವಾದ' ಎಂದೆವಲ್ಲ, ಉಳಿದರ್ಧ ಸತ್ಯ ಅಲ್ಲಿದೆ. ಹುದ್ದೆಯ ಹೆಸರು ನೋಡಿ ತೀರ್ಮಾನಿಸಬಾರದು, ಆ ಮನುಷ್ಯ ಮುಖ್ಯವಾಗಿ ಏನು ಕೆಲಸ ಮಾಡುತ್ತಾನೆಂದು ನೋಡಬೇಕು ಎಂಬುದು ಸುಪ್ರೀಂ ಕೋರ್ಟು ಹಿಡಿದ ದಾರಿ. 1985ರಲ್ಲಿ ಸಿಬಾ ಗೈಗಿ ಕಂಪೆನಿಯ ನೌಕರರೊಬ್ಬರ ಮೊಕದ್ದಮೆಯಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅವರ ಪ್ರಧಾನ ಕೆಲಸ ಗುಮಾಸ್ತಿಕೆಯದೆಂದು ಕಂಡು ಅವರನ್ನು ವರ್ಕ್‌ಮನ್ ಎಂದೇ ಕೋರ್ಟು ಎಣಿಸಿತು. ಹಾಗಾದರೆ ನಮ್ಮ ರಾಯಚೂರಿನ ಗೆಳೆಯರ ದಿನಚರಿ ಏನು? ಬೆಳಿಗ್ಗೆ ಮೇಜು ಒರೆಸುವುದು, ಮಧ್ಯಾಹ್ನ ಆರ್ಡರು ಬರೆದು ತಟ್ಟೆ ಒಯ್ಯುವುದು, ರಾತ್ರಿ ಕುರ್ಚಿ ಎತ್ತಿಡುವುದು. ಯಾರಿಗೂ ಅವರು ಒಂದು ದಿನದ ರಜ ಕೊಡುವಂತಿರಲಿಲ್ಲ, ಯಾರನ್ನೂ ಕೆಲಸಕ್ಕೆ ಹಚ್ಚುವಂತಿರಲಿಲ್ಲ, ಗ್ಯಾಸಿನ ಸಿಲಿಂಡರಿಗೆ ಸಹಿ ಹಾಕುವಂತೆಯೂ ಇರಲಿಲ್ಲ. ಇವನ್ನೆಲ್ಲ ಬರೆದು ನಾವು ಅಧಿಕಾರಿಗಳ ಮುಂದೆ ಇಟ್ಟೆವು. ಮಾತುಕತೆಯಾಗಿ ಬಾಕಿ ಹಣ ಬಂದಿತು. ಕೆಲಸ ಮರಳಿ ಬರಲಿಲ್ಲ. ಅವರೀಗ ಬೇರೆ ಕಡೆ ಸಪ್ಲೈಯರಾಗಿದ್ದಾರೆ.

ಇಂಥ ಹೆಸರಿನ ಆಟ ಅಮೆರಿಕದಲ್ಲೂ ನಡೆದಿದೆ. ಅಲ್ಲಿ 1947ರಿಂದ ಸೂಪರ್‌ವೈಸರುಗಳಿಗೆ ಕಾರ್ಮಿಕ ಕಾನೂನಿನ ರಕ್ಷಣೆಯಿಲ್ಲ. ಮಿಷಿಗನ್ ರಾಜ್ಯದ ಓಕ್‌ವುಡ್ ಆಸ್ಪತ್ರೆಯ 'ಚಾರ್ಜ್ ನರ್ಸ್'ಗಳು ಸೂಪರ್‌ವೈಸರುಗಳೇ ಅಲ್ಲವೇ ಎಂಬುದನ್ನು 2006ರಲ್ಲಿ ಅಲ್ಲಿಯ ಕಾರ್ಮಿಕ ಮಂಡಳಿ ತೀರ್ಮಾನಿಸಿತು: ಕಾಯಮ್ಮಾಗಿ ಆ ಕೆಲಸ ಮಾಡುವವರು ಸೂಪರ್‌ವೈಸರುಗಳು, ಸರದಿಯ ಮೇಲೆ ಮಾಡುವವರು ಅಲ್ಲ. ನೋಡಿ, ಹೆಸರು ಒಂದೇ, ಮಾಡುವ ರೀತಿ ಬೇರೆ, ಹಕ್ಕು ಬೇರೆ.

ವರ್ಕರ್, ಎಂಪ್ಲಾಯಿ ಎಂಬ ಎರಡನ್ನೂ ನಾವು ಕೆಲಸಗಾರ ಎಂದೇ ಅರ್ಥ ಮಾಡಿಕೊಳ್ಳುತ್ತೇವೆ. ಕಾನೂನಿನಲ್ಲಿ ಹಾಗಲ್ಲ. 2019ರ ವೇತನ ಸಂಹಿತೆಯ 'ಎಂಪ್ಲಾಯಿ'ಯೊಳಗೆ ಸೂಪರ್‌ವೈಸರೂ ಸೇರುತ್ತಾನೆ, ಮೇನೇಜರೂ ಸೇರುತ್ತಾನೆ. ಆದುದರಿಂದ ಮೇನೇಜರಾದವನಿಗೆ ಸಂಬಳ ತಡೆಹಿಡಿಯಬಹುದು ಎಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ.

ಇನ್ನು ಕೆಲವನ್ನು ಬೇಗನೆ ಹೇಳಿಬಿಡುತ್ತೇವೆ. ಕಾಗದದಲ್ಲಿ 'ಶಲ್' ಎಂದಿದ್ದರೆ ಮಾಡಲೇಬೇಕು. 'ಮೇ' ಎಂದಿದ್ದರೆ ಮಾಡಬಹುದು, ಆದರೆ ಯಾರು ಮಾಡಬಹುದು ಎಂಬುದನ್ನು ನೋಡಬೇಕು, ಬಹುತೇಕ ಅದು ಕಂಪೆನಿಯ ಇಷ್ಟವಾಗಿರುತ್ತದೆ. ಮೇಲಿನವರ ಅಪ್ಪಣೆ ಮೀರಿದಿರಿ ಎಂದು ಚಾರ್ಜ್‌ಶೀಟು ಬಂದರೆ ಗಾಬರಿಯಾಗಬೇಡಿ. 1946ರ ಮಾದರಿ ಸ್ಥಾಯಿ ಆದೇಶಗಳಲ್ಲೇ ಆ ಅಪ್ಪಣೆ ಕಾನೂನಿಗೆ ತಕ್ಕದ್ದೂ ನ್ಯಾಯವಾದದ್ದೂ ಆಗಿರಬೇಕೆಂಬ ಎರಡು ವಿಶೇಷಣ ಹಾಕಿದ್ದರು. ಮೀರಿದ್ದು ಬೇಕೆಂದೇ ಆಗಿರಬೇಕು ಎಂದೂ ಇತ್ತು. 'ಪ್ರಿನ್ಸಿಪಾಲ್ ಎಂಪ್ಲಾಯರ್' ಎಂದರೆ ಶಾಲೆಯ ಪ್ರಿನ್ಸಿಪಾಲರಲ್ಲ. ಕಂತ್ರಾಟುದಾರನ ಮೂಲಕ ನಮ್ಮನ್ನು ತರಿಸಿಕೊಂಡ ಆ ಗಾಜಿನ ಕಟ್ಟಡದ ಕಂಪೆನಿ. ಕಂತ್ರಾಟುದಾರ ಸಂಬಳ ಕೊಡದೆ ಮಾಯವಾದರೆ ಆ ಕಂಪೆನಿಯೇ ಕೊಡಬೇಕೆಂದು 1970ರ ಕಂತ್ರಾಟು ಕಾರ್ಮಿಕರ ಕಾನೂನಿನಲ್ಲಿತ್ತು, ಅದರ ಜಾಗಕ್ಕೆ ಬಂದ ಸಂಹಿತೆಯಲ್ಲೂ ಇದೆ. ಹೌಸ್‌ಕೀಪಿಂಗಿನ ಅಕ್ಕಂದಿರು ಈ ಒಂದು ಮಾತನ್ನು ಬಾಯಿಪಾಠ ಮಾಡತಕ್ಕದ್ದು.

ನಮ್ಮ ಸಂಘದ ಒಳಗಿನ ಮಾತೂ ಒಂದಿಷ್ಟು. ಬ್ರಿಟನ್ನಿನಲ್ಲಿ 'ಶಾಪ್ ಸ್ಟೂವರ್ಡ್' ಎಂದರೆ ತಟ್ಟೆ ಹಿಡಿಯುವವನಲ್ಲ, ಕಾರ್ಮಿಕರು ತಮ್ಮೊಳಗಿಂದ ಆರಿಸಿದ ಪ್ರತಿನಿಧಿ. ನಮ್ಮ 1926ರ ಕಾರ್ಮಿಕ ಸಂಘಗಳ ಕಾನೂನು ಅಧ್ಯಕ್ಷರನ್ನೂ ಕಾರ್ಯದರ್ಶಿಯನ್ನೂ 'ಆಫೀಸ್ ಬೇರರ್' ಎಂದು ಕರೆದಿತ್ತು. ಹೋಟೆಲಿನ ಬೇರರಿಗೂ ಸಂಘದ ಬೇರರಿಗೂ ಮಾತು ಒಂದೇ, ಹೊತ್ತು ತರುವವನು. ಹೀಗಿರುವಲ್ಲಿ ನಮ್ಮಲ್ಲಿ ಕೆಲವರು ಅಧ್ಯಕ್ಷರನ್ನು ಸಾಹೇಬರೆಂದು ಕರೆದು ಎದ್ದು ನಿಲ್ಲುವುದು ನಮಗೆ ಸರಿಕಾಣುವುದಿಲ್ಲ. ಅಣ್ಣ ಎಂದರೆ ಸಾಕು.

ಬರುವ ಗುರುವಾರ ರಾತ್ರಿ ಒಂಬತ್ತೂವರೆಗೆ ಎಲ್ಲರೂ ತಮ್ಮ ನೇಮಕದ ಕಾಗದ, ಬಡ್ತಿಯ ಕಾಗದ, ಗುರುತಿನ ಚೀಟಿ ತರಬೇಕು. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಸಾಕು. ಜೊತೆಗೆ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ತನ್ನಿ: ಬೆಳಿಗ್ಗೆಯಿಂದ ರಾತ್ರಿಯವರೆಗೆ ತಾವು ಏನೇನು ಕೆಲಸ ಮಾಡುತ್ತೀರಿ, ಯಾವ ಯಾವ ಕಾಗದಕ್ಕೆ ತಮ್ಮ ಸಹಿ ನಡೆಯುತ್ತದೆ, ಯಾರಿಗೆ ರಜ ಕೊಡಬಲ್ಲಿರಿ. ಬರೆಯಲು ಬಾರದವರು ಅರ್ಧ ಗಂಟೆ ಮೊದಲು ಬಂದರೆ ನಾವು ಬರೆದುಕೊಡುತ್ತೇವೆ.